ಮಾಗಿ ಚಳಿಗೆ ಗಡ್ಡದ ಆಸರೆ ಎಷ್ಟು?

ನವೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ತುಮಕೂರು ಸೀಮೆಯಲ್ಲಿ ಗಡ್ಡ ಬಿಟ್ಟ ಗಂಡಸರು ಇದ್ದಕ್ಕಿದ್ದಂತೆ ಹೆಚ್ಚುತ್ತಾರೆ. ಅಯ್ಯಪ್ಪನ ಮಾಲೆ ಹಾಕಿದವರು ಮಂಡಲದ 41 ದಿನ ಮುಖಕ್ಕೆ ಬ್ಲೇಡು ತಾಗಿಸುವುದಿಲ್ಲ. ಗುಬ್ಬಿಯ ಬಸ್ ನಿಲ್ದಾಣ, ಕುಣಿಗಲ್ಲಿನ ಸಂತೆ, ತುಮಕೂರಿನ ಬಿ.ಎಚ್. ರಸ್ತೆ, ಎಲ್ಲಿ ನೋಡಿದರೂ ಕಪ್ಪು ಪಂಚೆ, ಬರಿಗಾಲು, ದಿನದಿನಕ್ಕೆ ದಟ್ಟವಾಗುವ ಗಡ್ಡ. ಈ ವ್ರತದ ಕಾಲವೂ ನಮ್ಮ ಕಡೆಯ ಚಳಿಯ ಕಾಲವೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಪ್ರತಿ ವರ್ಷ ಟೀ ಅಂಗಡಿಗಳ ಮುಂದೆ ಒಂದು ಮಾತು ಕಿವಿಗೆ ಬೀಳುತ್ತದೆ: "ನಿಮಗೇನು ಬಿಡಿ ಸ್ವಾಮಿ, ಗಡ್ಡ ಬಂದೈತೆ, ಚಳಿ ಹತ್ತಲ್ಲ."

ಈ ಮಾತು ಎಷ್ಟರಮಟ್ಟಿಗೆ ನಿಜ ಎಂದು ಕೂತು ಲೆಕ್ಕ ಹಾಕಬೇಕು ಅನ್ನಿಸಿದ್ದಕ್ಕೆ ಕಾರಣವಿದೆ. ಬೆಳಕು ಹರಿಯುವ ಮುಂಚೆ ಮನೆ ಬಿಡುವ ಜನ ನಮ್ಮಲ್ಲಿ ಬಹಳ. ಅಂತರಸನಹಳ್ಳಿ ಮಾರುಕಟ್ಟೆಗೆ ಸೊಪ್ಪು, ತರಕಾರಿ ತರುವ ರೈತರು, ಡೇರಿಗೆ ಹಾಲು ಹಾಕುವವರು, ಬೆಂಗಳೂರಿನ ಕೆಲಸಕ್ಕೆ ಬೆಳಗಿನ ರೈಲು ಹಿಡಿಯುವವರು, ಬೀದಿ ಗುಡಿಸುವ ಪೌರಕಾರ್ಮಿಕರು, ಮನೆಮನೆಗೆ ಪೇಪರ್ ಎಸೆಯುವ ಹುಡುಗರು. ಇವರ ಪಾಲಿಗೆ ಚಳಿ ಹರಟೆಯ ವಿಷಯವಲ್ಲ. ಯಾವುದು ಬೆಚ್ಚಗಿಡುತ್ತದೆ, ಯಾವುದು ಬೆಚ್ಚಗಿಟ್ಟಂತೆ ಅನ್ನಿಸುತ್ತದೆ ಎಂಬುದು ಅವರಿಗೆ ಗೊತ್ತಿರಬೇಕು.

ತುಮಕೂರು ಸಮುದ್ರಮಟ್ಟದಿಂದ 800 ಮೀಟರಿಗೂ ಮಿಗಿಲಾದ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ನಸುಕಿನಲ್ಲಿ ಉಷ್ಣಾಂಶ ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುತ್ತದೆ, ಬಿರುಸಾದ ವರ್ಷಗಳಲ್ಲಿ ಅದಕ್ಕಿಂತಲೂ ಕೆಳಗೆ. ಪಕ್ಕದ ಬೆಂಗಳೂರಿನಲ್ಲಿ 1884ರ ಜನವರಿ 13ರಂದು 7.8 ಡಿಗ್ರಿ ದಾಖಲಾಗಿತ್ತು. ಹಿಮ ಬೀಳುವ ನಾಡಿನವರಿಗೆ ಇದೊಂದು ಚಳಿಯೇ ಅಲ್ಲದಿರಬಹುದು. ಆದರೆ ಅವರಿಗೆ ಕೋಟು, ಬೂಟು, ಬೆಚ್ಚನೆಯ ಮನೆ ಇರುತ್ತವೆ. ಒಂದು ತೆಳ್ಳನೆ ಅಂಗಿ ತೊಟ್ಟು ಟಿವಿಎಸ್ ಮೊಪೆಡ್ಡಿನ ಮೇಲೆ ಎರಡು ಮೂಟೆ ಹೇರಿಕೊಂಡು ಕೆರೆ ಏರಿಯ ಮೇಲೆ ಬರುವವನಿಗೆ 12 ಡಿಗ್ರಿಯೂ ಮೂಳೆಗೆ ಇಳಿಯುವ ಚಳಿಯೇ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಗಡ್ಡ ತಾನು ಮುಚ್ಚಿದಷ್ಟು ಚರ್ಮವನ್ನು ಬೆಚ್ಚಗಿಡುತ್ತದೆ. ಮೈಯ ಚಳಿಯ ಮಟ್ಟಿಗೆ ಅದರ ಕೊಡುಗೆ ತೀರಾ ಅಲ್ಪ. ಚರ್ಮಕ್ಕೆ ಸಿಗುವ ಆ ಬಿಸುಪು ಕೂಡ ಗಡ್ಡ ಒಣಗಿದ್ದರೆ ಮಾತ್ರ, ಅದರೊಳಗೆ ಗಾಳಿ ನುಗ್ಗದಿದ್ದರೆ ಮಾತ್ರ.

ಕೂದಲಿಗೆ ತನ್ನದೇ ಆದ ಶಾಖವಿಲ್ಲ. ಅದು ಮಾಡುವ ಕೆಲಸವೆಂದರೆ ಚರ್ಮಕ್ಕೆ ಅಂಟಿಕೊಂಡ ಗಾಳಿಯ ಪದರವೊಂದನ್ನು ಅಲ್ಲಾಡದಂತೆ ಹಿಡಿದಿಡುವುದು. ನಿಂತ ಗಾಳಿ ಶಾಖವನ್ನು ಬಹಳ ನಿಧಾನವಾಗಿ ಸಾಗಿಸುತ್ತದೆ. ನೀರು ಅದಕ್ಕಿಂತ ಸುಮಾರು 24 ಪಟ್ಟು ಬೇಗ ಸಾಗಿಸುತ್ತದೆ. ಚಿಕ್ಕನಾಯಕನಹಳ್ಳಿ, ಶಿರಾ ಕಡೆಯ ಕುರುಬರು ನೇಯುವ ಕರಿ ಕಂಬಳಿಯ ಗುಟ್ಟೂ ಇದೇ. ಕುರಿಯ ಉಣ್ಣೆಯೂ ನಮ್ಮ ಗಡ್ಡವೂ ಕೆರಾಟಿನ್ ಎಂಬ ಒಂದೇ ಬಗೆಯ ಪ್ರೊಟೀನಿನಿಂದಾದವು. ವ್ಯತ್ಯಾಸ ಇರುವುದು ದಟ್ಟಣೆಯಲ್ಲಿ, ಎಳೆಯ ಸುರುಳಿಯಲ್ಲಿ. ಉಣ್ಣೆಯ ಎಳೆ ಸಣ್ಣದು, ಗುಂಗುರು ಗುಂಗುರಾದದ್ದು. ಮೆರಿನೊ ತಳಿಯ ಕುರಿಗಂತೂ ಒಂದು ಚದರ ಸೆಂಟಿಮೀಟರ್ ಚರ್ಮದಲ್ಲಿ ಸಾವಿರಾರು ಎಳೆಗಳಿರುತ್ತವೆ. ಮನುಷ್ಯನ ಗಡ್ಡದ ಕೂದಲು ದಪ್ಪ, ಒರಟು, ವಿರಳ. ಕಂಬಳಿ ನೇಯುವವರು ನೂಲಿಗೆ ಹುಣಸೆಬೀಜದ ಸರಿ ಹಾಕಿ ಹಾಸು ಬಿಗಿ ಮಾಡುತ್ತಾರೆ. ಗಡ್ಡಕ್ಕೆ ಅಂಥ ಬಿಗಿಯಿಲ್ಲ. ಗಾಳಿ ಬಂದ ಕಡೆ ಅದು ಬಾಯಿ ತೆರೆಯುತ್ತದೆ.

ಆದರೂ ಅದು ಕೆಲಸ ಮಾಡುತ್ತದೆ ಎಂಬುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿಯೊಂದಿದೆ. ಶಾಖವನ್ನು ಚಿತ್ರವಾಗಿ ತೋರಿಸುವ ಕ್ಯಾಮೆರಾದಲ್ಲಿ ಗಡ್ಡಧಾರಿಯನ್ನು ಚಳಿಯಲ್ಲಿ ನಿಲ್ಲಿಸಿ ನೋಡಿದರೆ ಹಣೆ, ಕಣ್ಣಿನ ಮೂಲೆ ಬೆಳ್ಳಗೆ ಹೊಳೆಯುತ್ತವೆ, ಗಡ್ಡದ ಭಾಗ ಕಪ್ಪಾಗಿ ಕಾಣುತ್ತದೆ. ಗಡ್ಡದ ಹೊರಮೈ ತಣ್ಣಗಿದೆ ಎಂದರೆ ಒಳಗಿನ ಶಾಖ ಅಲ್ಲಿಂದ ಹೊರಗೆ ಹಾಯುತ್ತಿಲ್ಲ ಎಂದರ್ಥ. ಅದೇ ಚಿತ್ರದಲ್ಲಿ ಮೂಗಿನ ತುದಿಯೂ ಕಪ್ಪಾಗಿ ಕಾಣುತ್ತದೆ, ಆದರೆ ಕಾರಣ ಬೇರೆ. ಅಲ್ಲಿ ರಕ್ತನಾಳಗಳು ಮುದುಡಿಕೊಂಡು ಮೂಗೇ ತಣ್ಣಗಾಗಿರುತ್ತದೆ. ಚಳಿ ಮೊದಲು ಹಿಡಿಯುವುದು ಮೂಗು, ಕಿವಿ, ಕೆನ್ನೆಯ ಮೇಲ್ಭಾಗವನ್ನು. ಈ ಮೂರರಲ್ಲಿ ಒಂದನ್ನೂ ಗಡ್ಡ ಮುಚ್ಚುವುದಿಲ್ಲ.

ಎಷ್ಟು ಶಾಖ ಉಳಿಯುತ್ತದೆ ಎಂಬ ಲೆಕ್ಕ ಕಷ್ಟದ್ದೇನಲ್ಲ. ಸುಟ್ಟಗಾಯಕ್ಕೆ ಚಿಕಿತ್ಸೆ ಕೊಡುವ ವೈದ್ಯರು ಗಾಯದ ವಿಸ್ತಾರ ಅಳೆಯಲು ರೋಗಿಯ ಅಂಗೈಯನ್ನೇ ಬಳಸುತ್ತಾರೆ: ಬೆರಳುಗಳೂ ಸೇರಿ ಒಂದು ಅಂಗೈ ಎಂದರೆ ಮೈಚರ್ಮದ ಸುಮಾರು ಶೇ 1. ಗಡ್ಡ ಬೆಳೆಯುವ ಜಾಗದ ಮೇಲೆ ನಿಮ್ಮ ಎರಡೂ ಕೈಗಳನ್ನು ಇಟ್ಟು ನೋಡಿ. ದವಡೆ, ಗಲ್ಲ, ತುಟಿಯ ಮೇಲ್ಭಾಗ ಎಲ್ಲ ಮುಚ್ಚಿಹೋಗುತ್ತವೆ, ಬೆರಳ ತುದಿಗಳು ಮಿಕ್ಕುತ್ತವೆ. ಅಂದರೆ ಮೈಯ ಶೇ 2ಕ್ಕಿಂತ ಹೆಚ್ಚಿಲ್ಲ. ಸುತ್ತಲಿನ ಗಾಳಿ 12 ಡಿಗ್ರಿ, ಮುಖದ ಚರ್ಮ 30 ಡಿಗ್ರಿ, ಸಣ್ಣಗೆ ಗಾಳಿ ಬೀಸುತ್ತಿದೆ ಎಂದಿಟ್ಟುಕೊಂಡರೆ ಆ ಜಾಗದಿಂದ ಸೋರುವ ಶಾಖ ಎಂಟು ಹತ್ತು ವ್ಯಾಟ್. ಒಣಗಿದ ದಟ್ಟ ಗಡ್ಡ ಅದರಲ್ಲಿ ಉದಾರವಾಗಿ ನಾಲ್ಕೈದು ವ್ಯಾಟ್ ಉಳಿಸಿಕೊಟ್ಟೀತು. ಸುಮ್ಮನೆ ಕೂತ ಮನುಷ್ಯನ ಮೈ ಸುಮಾರು 100 ವ್ಯಾಟ್ ಶಾಖ ಹುಟ್ಟಿಸುತ್ತದೆ, ಬಿರುಸಾಗಿ ನಡೆದರೆ ಅದರ ಎರಡು ಮೂರು ಪಟ್ಟು. ಅಮಾನಿಕೆರೆಯ ದಡದಲ್ಲಿ ಹತ್ತು ಹೆಜ್ಜೆ ಜೋರಾಗಿ ಹಾಕಿದವನು ಗಡ್ಡ ಕೊಡುವುದಕ್ಕಿಂತ ಎಷ್ಟೋ ಹೆಚ್ಚು ಬಿಸುಪನ್ನು ತಾನೇ ಮಾಡಿಕೊಳ್ಳುತ್ತಾನೆ.

ಇಲ್ಲಿ ಕೆಲವರು ತಕರಾರು ತೆಗೆಯುತ್ತಾರೆ: ಮೈಯ ಶಾಖದಲ್ಲಿ ಅರ್ಧಕ್ಕರ್ಧ ತಲೆಯ ಮೂಲಕವೇ ಹೋಗುತ್ತದಲ್ಲ, ಹಾಗಿದ್ದರೆ ಮುಖದ ಕೂದಲು ಮುಖ್ಯವಲ್ಲವೇ? ಶಾಲೆಯಲ್ಲೂ ಹೇಳಿಕೊಟ್ಟ ಈ ಮಾತು ನಿಂತಿರುವುದು ಒಂದು ತಪ್ಪು ತಿಳಿವಳಿಕೆಯ ಮೇಲೆ. ಮೈತುಂಬ ದಪ್ಪ ಬಟ್ಟೆ ಹೊದಿಸಿ ತಲೆಯನ್ನು ಮಾತ್ರ ಬರಿದಾಗಿ ಬಿಟ್ಟು ಪ್ರಯೋಗ ಮಾಡಿದರೆ ತಲೆಯಿಂದಲೇ ಹೆಚ್ಚು ಶಾಖ ಹೋಗುವುದು ಸಹಜ. ಇಡೀ ಮೈ ಬರಿದಾಗಿದ್ದರೆ ತಲೆಯ ಪಾಲು ಅದರ ವಿಸ್ತಾರಕ್ಕೆ ತಕ್ಕಷ್ಟೇ, ಶೇ 10ರ ಆಸುಪಾಸು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ವೈದ್ಯರಾದ ರೇಚಲ್ ವ್ರೀಮನ್ ಮತ್ತು ಆರನ್ ಕ್ಯಾರಲ್ 2008ರ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದು ಈ ನಂಬಿಕೆಯನ್ನು ಬಿಡಿಸಿದರು. ಆದರೆ ನಮ್ಮವರ ವಿಷಯದಲ್ಲಿ ಒಂದು ಎಚ್ಚರ ಬೇಕು. ಸ್ವೆಟರ್ ತೊಟ್ಟು, ಮೇಲೆ ಶಾಲು ಹೊದ್ದು, ತಲೆ ಬರಿದಾಗಿ ಬಿಟ್ಟು ವಾಕಿಂಗ್ ಹೊರಡುವ ಹಿರಿಯರು ಆ ಹಳೆಯ ಪ್ರಯೋಗದ ಸ್ಥಿತಿಯಲ್ಲೇ ಇರುತ್ತಾರೆ. ಅವರಿಗೆ ಟೋಪಿಯೋ ಮಫ್ಲರೋ ನಿಜಕ್ಕೂ ಬೇಕು.

ಗಡ್ಡ ತನ್ನ ಯೋಗ್ಯತೆ ತೋರಿಸುವುದು ಗಾಳಿಗೆ. ತಣ್ಣನೆ ಗಾಳಿ ಮುಖಕ್ಕೆ ಬಡಿದಾಗ ಚರ್ಮದ ಮೇಲಿನ ಬೆಚ್ಚನೆ ಪದರ ಕಿತ್ತುಹೋಗುತ್ತದೆ. ಗಾಳಿಯ ಜೊತೆ ಚಳಿ ಎಷ್ಟು ಏರುತ್ತದೆಂದು ಲೆಕ್ಕ ಹಾಕುವ ಸೂತ್ರವನ್ನು 2001ರಲ್ಲಿ ಕೆನಡಾ, ಅಮೆರಿಕ ಎರಡೂ ಪರಿಷ್ಕರಿಸಿದವು. ಅದಕ್ಕಾಗಿ ಟೊರಾಂಟೊದಲ್ಲಿ ಸ್ವಯಂಸೇವಕರನ್ನು ತಂಪು ಗಾಳಿಯ ಸುರಂಗದಲ್ಲಿ ನಡೆಸಿ, ಹಣೆ, ಕೆನ್ನೆ, ಗಲ್ಲ, ಮೂಗಿನ ಮೇಲೆ ಅಳತೆಯ ಸಂವೇದಕಗಳನ್ನು ಅಂಟಿಸಿದ್ದರು. ಇಡೀ ಸೂತ್ರ ನಿಂತಿರುವುದು ಬರಿಮುಖದ ಮೇಲೆ. 10 ಡಿಗ್ರಿಯ ಒಂದು ಬೆಳಗ್ಗೆ ಕುಣಿಗಲ್ ದೊಡ್ಡಕೆರೆಯ ಪಕ್ಕ ಗಂಟೆಗೆ 50 ಕಿಲೊಮೀಟರ್ ವೇಗದಲ್ಲಿ ಬೈಕ್ ಓಡಿಸಿದರೆ ಬರಿಮುಖಕ್ಕೆ ಅದು ಐದೂವರೆ ಡಿಗ್ರಿಯಂತೆ ತಾಗುತ್ತದೆ ಎನ್ನುತ್ತದೆ ಆ ಸೂತ್ರ. ದಟ್ಟ ಗಡ್ಡವಿದ್ದವನ ಗಲ್ಲಕ್ಕೆ ಈ ಏಟು ಕಡಿಮೆ ಬೀಳುತ್ತದೆ, ಸಂದೇಹವಿಲ್ಲ. ಆದರೆ ಮುಖವನ್ನು ಪೂರ್ತಿ ಮುಚ್ಚುವ ಹೆಲ್ಮೆಟ್ಟಿನ ಗಾಜು ಇಳಿಸಿದರೆ ಮೂಗು, ಕೆನ್ನೆ, ಕಣ್ಣು ಎಲ್ಲಕ್ಕೂ ಒಟ್ಟಿಗೆ ರಕ್ಷಣೆ ಸಿಗುತ್ತದೆ. ಅರ್ಧ ಹೆಲ್ಮೆಟ್ ತೊಟ್ಟು ಗಡ್ಡ ನಂಬಿಕೊಳ್ಳುವುದಕ್ಕಿಂತ ಇದು ಎಲ್ಲ ರೀತಿಯಲ್ಲೂ ಮೇಲು.

ಗಾಳಿ ಮತ್ತು ಗಡ್ಡದ ಸಂಬಂಧ ಎದ್ದು ಕಾಣುವ ಜಾಗ ನಮ್ಮ ಜಿಲ್ಲೆಯಲ್ಲೇ ಇದೆ. ಅದು ಹಳ್ಳಿ ನಾಟಕದ ಬಣ್ಣದ ಮನೆ. ಗುಬ್ಬಿ ಎಂದರೆ ನಾಟಕ. ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಅದನ್ನು ನಾಡಿನ ಮನೆಮಾತಾಗಿಸಿದ ಗುಬ್ಬಿ ವೀರಣ್ಣನವರ ಕಾಲ 1891ರಿಂದ 1972. ಅವರು 1934ರಲ್ಲಿ ಆನೆ, ಕುದುರೆಗಳನ್ನೇ ರಂಗಕ್ಕೆ ತಂದು ಆಡಿಸಿದ 'ಕುರುಕ್ಷೇತ್ರ'ದ ಹೆಸರು ಇನ್ನೂ ಮಾಸಿಲ್ಲ. ಇಂದಿಗೂ ಸುಗ್ಗಿ ಮುಗಿಯುತ್ತಿದ್ದಂತೆ ಈ ಕಡೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕಗಳು ರಾತ್ರಿಯಿಡೀ ನಡೆಯುತ್ತವೆ, ಬಯಲಲ್ಲಿ, ಇಬ್ಬನಿಯಲ್ಲಿ. ದುರ್ಯೋಧನನ ಮೀಸೆಯನ್ನು ಮೇಕಪ್ಪಿನವರು ತುಟಿಯ ಮೇಲೆ ಗೋಂದು ಸವರಿ, ಹೆಣೆದ ಕ್ರೇಪ್ ಕೂದಲನ್ನು ಬೆರಳಲ್ಲಿ ಬಿಡಿಸಿ, ಎಳೆ ಎಳೆಯಾಗಿ ಒತ್ತಿ ಕೂರಿಸುತ್ತಾರೆ. ಸ್ಪಿರಿಟ್ಟಿನ ವಾಸನೆ ಮೂಗಿಗೆ ಹೊಡೆಯುತ್ತದೆ, ಆರುವಾಗ ಚರ್ಮ ಬಿಗಿದು ಎಳೆಯುತ್ತದೆ. ಭೀಷ್ಮನ ಬಿಳಿ ಗಡ್ಡದ ಕಥೆ ಬೇರೆ. ಅದನ್ನು ಎರಡು ಕಿವಿಗೆ ದಾರ ಸಿಕ್ಕಿಸಿ ನೇತುಬಿಡುತ್ತಾರೆ. ಎದೆ ಮುಚ್ಚುವಷ್ಟು ಉದ್ದ, ನೋಡಲು ಭಾರಿ ದಟ್ಟ. ಆದರೆ ಮಾತಾಡಿದಾಗಲೆಲ್ಲ ಅದು ಗಲ್ಲದಿಂದ ಬೆರಳಷ್ಟು ದೂರ ಸರಿಯುತ್ತದೆ, ಸಂದಿನಲ್ಲಿ ಗಾಳಿ ಆಡುತ್ತದೆ. ನಾಲ್ಕು ಗಂಟೆಯ ಚಳಿಯಲ್ಲಿ ಶರಶಯ್ಯೆಯ ಮೇಲೆ ಮಲಗಿದ ಆ ನಟನಿಗೆ ಅಷ್ಟು ದೊಡ್ಡ ಗಡ್ಡದಿಂದ ಕವಡೆಯಷ್ಟೂ ಬಿಸುಪು ಸಿಗುವುದಿಲ್ಲ. ಉದ್ದದಿಂದ ಬಿಸುಪು ಬರುವುದಿಲ್ಲ, ಗಾಳಿ ನಿಲ್ಲಬೇಕು. ಚರ್ಮದ ಬುಡದಿಂದ ಒತ್ತಾಗಿ ಬೆಳೆದ ಒಂದು ಇಂಚಿನ ಗಡ್ಡ ಜೋತುಬಿದ್ದ ಒಂದು ಅಡಿ ಗಡ್ಡಕ್ಕಿಂತ ಚಳಿಗೆ ಒಳ್ಳೆಯದು.

ಹಾಗೆ ನೋಡಿದರೆ 41 ದಿನದ ಗಡ್ಡ ಚಳಿಗೆ ಒಳ್ಳೆಯ ಅಳತೆಯದು. ಮುಖದ ಕೂದಲು ದಿನಕ್ಕೆ ಒಂದು ಮಿಲಿಮೀಟರಿನ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು ಬೆಳೆಯುತ್ತದೆ. ಮಂಡಲ ಮುಗಿಯುವ ಹೊತ್ತಿಗೆ ಸುಮಾರು ಒಂದೂವರೆ ಸೆಂಟಿಮೀಟರ್ ಆಗಿರುತ್ತದೆ, ಬುಡದಲ್ಲಿ ದಟ್ಟವಾಗಿ ಗಾಳಿ ಹಿಡಿಯುವಷ್ಟು. ಆದರೆ ವ್ರತದ ನಿಯಮದಲ್ಲೇ ಅದಕ್ಕೊಂದು ತೊಡಕೂ ಇದೆ. ಸೂರ್ಯ ಹುಟ್ಟುವ ಮುಂಚೆ ತಣ್ಣೀರು ಸ್ನಾನ.

ಒದ್ದೆ ಗಡ್ಡ ಒಣ ಗಡ್ಡಕ್ಕೆ ತೀರಾ ಉಲ್ಟಾ. ಗಾಳಿ ಇರಬೇಕಾದ ಸಂದುಗಳಲ್ಲಿ ನೀರು ತುಂಬಿಕೊಳ್ಳುತ್ತದೆ. ಜೊತೆಗೆ ಆ ನೀರು ಆರುವಾಗ ಶಾಖ ಕೇಳುತ್ತದೆ: ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2.4 ಕಿಲೋಜೂಲ್ ಬೇಕು. ಟವೆಲ್ಲಿನಿಂದ ಹಾಗೇ ಒರೆಸಿಕೊಂಡ ಗಡ್ಡದಲ್ಲಿ ಐದು ಗ್ರಾಂ ನೀರು ಉಳಿದಿದೆ ಎಂದುಕೊಳ್ಳೋಣ, ಅಂದರೆ ಒಂದು ಚಮಚ. ಅದು ಒಂದು ಗಂಟೆಯಲ್ಲಿ ಆರಿದರೆ ಆ ಇಡೀ ಗಂಟೆ ಸರಾಸರಿ ಮೂರು ವ್ಯಾಟಿಗೂ ಮಿಕ್ಕಿ ಶಾಖ ಅದಕ್ಕೆ ಹೋಗುತ್ತದೆ. ಒಂದಷ್ಟು ಸುತ್ತಲಿನ ಗಾಳಿಯಿಂದ, ಉಳಿದದ್ದು ಮುಖದ ಚರ್ಮದಿಂದ. ಒಣ ಗಡ್ಡ ಉಳಿಸಬಹುದಾದ ನಾಲ್ಕೈದು ವ್ಯಾಟಿನ ಬಹುಪಾಲು ಇಲ್ಲೇ ತೀರಿಹೋಗುತ್ತದೆ. ಆದ್ದರಿಂದ ಸ್ನಾನ ಮುಗಿಸಿ ಭಜನೆಗೆ ಹೊರಡುವ ಸ್ವಾಮಿಗಳು ತಲೆಯಷ್ಟೇ ಕಾಳಜಿಯಿಂದ ಗಡ್ಡವನ್ನೂ ಬುಡದವರೆಗೆ ಒರೆಸಿಕೊಳ್ಳಬೇಕು. ಕೂದಲು ತನ್ನ ತೂಕದ ಸುಮಾರು ಶೇ 30ರಷ್ಟು ತೇವವನ್ನು ಎಳೆಯೊಳಗೇ ಹೀರಿಕೊಳ್ಳಬಲ್ಲದು. ಅದು ತೊಂದರೆ ಕೊಡುವುದಿಲ್ಲ. ತೊಂದರೆ ಎಳೆಗಳ ನಡುವೆ ನಿಂತ ನೀರಿನದು.

ನೀರು ಹೆಪ್ಪುಗಟ್ಟುವ ಊರುಗಳಲ್ಲಿ ಈ ತೊಡಕು ಅಪಾಯವೇ ಆಗುತ್ತದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾದ ಎಚ್‌ಎಎಲ್ ಕಾರ್ಖಾನೆಗೆ ಒಪ್ಪಿಸಿರುವ ಲಘು ಹೆಲಿಕಾಪ್ಟರ್‌ಗಳನ್ನು ಹಿಮಾಲಯದ ಎತ್ತರಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ರೂಪಿಸಲಾಗಿದೆ. ಅಂಥ ಎತ್ತರದಲ್ಲಿ ಉಸಿರಿನ ಹಬೆ ಮೀಸೆಯ ಮೇಲೆಯೇ ಮಂಜುಗಡ್ಡೆಯಾಗುತ್ತದೆ. ಗಡ್ಡಕ್ಕೂ ಮುಖಕ್ಕೆ ಸುತ್ತಿದ ಉಣ್ಣೆ ಬಟ್ಟೆಗೂ ಒಂದೇ ಹಿಮದ ಗೆರೆ ಹಿಡಿದರೆ ಬಟ್ಟೆ ಬಿಡಿಸುವಾಗ ಚರ್ಮವೇ ಕಿತ್ತುಬರುವ ಭಯ. 1911ರ ಡಿಸೆಂಬರ್ 14ರಂದು ದಕ್ಷಿಣ ಧ್ರುವ ಮುಟ್ಟಿದ ನಾರ್ವೆಯ ರೋಲ್ಡ್ ಅಮುಂಡ್ಸೆನ್ ಈ ಕಾರಣಕ್ಕೇ ತನ್ನ ತಂಡದ ಗಡ್ಡಗಳನ್ನು ಮೆಷಿನ್ನಿನಿಂದ ಚಿಕ್ಕದಾಗಿ ಕತ್ತರಿಸಿಡುತ್ತಿದ್ದ. ಭೂಮಿಯ ಮೇಲಿನ ಅತಿ ಕೆಟ್ಟ ಚಳಿಯಲ್ಲಿ ಅತಿ ಜಾಣತನದಿಂದ ಬದುಕಿದ ತಂಡ ಗಡ್ಡವನ್ನು ನಂಬಿಕೊಳ್ಳಲಿಲ್ಲ ಎಂಬುದು ನನಗೆ ದೊಡ್ಡ ಸಾಕ್ಷಿ.

ಅಷ್ಟಕ್ಕೂ ಗಡ್ಡ ಹುಟ್ಟಿಕೊಂಡಿದ್ದೇ ಚಳಿಗಾಗಿಯೇ? ಇದಕ್ಕೆ ಉತ್ತರ ಹುಡುಕುವವರು ಕುಣಿಗಲ್ಲಿನ ಕುದುರೆಗಳನ್ನು ನೋಡಬೇಕು. ಹೈದರ್ ಅಲಿ, ಟಿಪ್ಪು ಸುಲ್ತಾನರ ಅಶ್ವದಳದ ಕಾಲದಿಂದ ಹೆಸರಾದ, ನಾನೂರು ಎಕರೆ ಮೀರಿದ ಕುಣಿಗಲ್ ಸ್ಟಡ್ ಫಾರಂ ಸ್ವಾತಂತ್ರ್ಯಾನಂತರ ಸರ್ಕಾರದ ಸುಪರ್ದಿನಲ್ಲಿದ್ದು, 1992ರಲ್ಲಿ ಖಾಸಗಿ ಗುತ್ತಿಗೆಗೆ ಹೋಯಿತು. ಅಲ್ಲಿ ಬೆಳೆದವು ರೇಸಿನ ಥರೋಬ್ರೆಡ್ ಕುದುರೆಗಳು. ಕುದುರೆಯ ಮೈಕೂದಲು ಚಳಿಯ ಉಡುಗೆ ಎನ್ನುವುದರಲ್ಲಿ ಎರಡು ಮಾತಿಲ್ಲ. ಹಗಲು ಕಿರಿದಾಗುತ್ತ ಬಂದಂತೆ ಅದರ ಕಣ್ಣು ಅದನ್ನು ಗುರುತಿಸುತ್ತದೆ, ಮೈಯ ಹಾರ್ಮೋನುಗಳು ಏರುಪೇರಾಗುತ್ತವೆ, ಚಳಿ ಬರುವ ಮುಂಚೆಯೇ ದಟ್ಟ ಕೂದಲು ಹುಟ್ಟುತ್ತದೆ. ಹಗಲು ಹಿಗ್ಗತೊಡಗಿದರೆ ಅದೇ ಕೂದಲು ಉದುರುತ್ತದೆ. ಕುದುರೆ ಸಾಕುವವರು ಲಾಯದಲ್ಲಿ ದಿನಕ್ಕೆ 16 ಗಂಟೆ ಬೆಳಕು ಸಿಗುವಂತೆ ದೀಪ ಉರಿಸಿ ಕೂದಲನ್ನು ಬೇಗ ಉದುರಿಸುವುದೂ ಉಂಟು. ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ ಅತಿ ಚಿಕ್ಕ ಹಗಲು ಎಂಟು ಗಂಟೆಗೂ ಕಡಿಮೆ, ಅತಿ ದೊಡ್ಡದು ಹದಿನಾರೂವರೆ ಗಂಟೆಗೂ ಹೆಚ್ಚು. ಕುಣಿಗಲ್ಲಿನಲ್ಲಿ ಈ ವ್ಯತ್ಯಾಸ ಒಂದೂವರೆ ಗಂಟೆಯ ಆಸುಪಾಸು. ಹಾಗಾಗಿ ಇಲ್ಲಿಯ ಕುದುರೆಗೆ ಅಲ್ಲಿಯಷ್ಟು ಜೂಲು ಜೂಲಾದ ಮಾಗಿಗೂದಲು ಬರುವುದಿಲ್ಲ, ಬೇಕಾಗಿಯೂ ಇಲ್ಲ.

ಕುದುರೆಗೆ ಇನ್ನೊಂದು ಅನುಕೂಲವಿದೆ. ಪ್ರತಿ ಕೂದಲಿನ ಬುಡದಲ್ಲೂ ಪುಟ್ಟದೊಂದು ಸ್ನಾಯು. ಚಳಿ ತಾಗಿದರೆ ಅದು ಬಿಗಿದು ಕೂದಲನ್ನು ನಿಮಿರಿಸುತ್ತದೆ, ಮೈಮೇಲಿನ ಗಾಳಿಯ ಪದರ ದಪ್ಪಗಾಗುತ್ತದೆ. ನಮ್ಮ ತೋಳಿನ ಮೇಲೆ ಮುಳ್ಳೇಳುವುದು ಇದೇ ಸ್ನಾಯುವಿನಿಂದ, ಮುಚ್ಚುವಷ್ಟು ಕೂದಲು ಅಲ್ಲಿ ಉಳಿದಿಲ್ಲ ಅಷ್ಟೆ. ಆದರೆ ಗಡ್ಡದ ಕೂದಲಿಗೆ ಈ ಸ್ನಾಯು ಇಲ್ಲ, ಇದ್ದರೂ ತೀರಾ ಚಿಕ್ಕದು. ಚಳಿಯಲ್ಲಿ ಯಾರ ಗಡ್ಡವೂ ನಿಮಿರಿ ನಿಂತದ್ದನ್ನು ಕಂಡವರಿಲ್ಲ.

ಇದಕ್ಕಿಂತ ಬಲವಾದ ಸುಳಿವು ಇಂಗ್ಲೆಂಡಿನ ಶೆಫೀಲ್ಡಿನಿಂದ ಬಂತು. ವ್ಯಾಲೆರಿ ರ್‍ಯಾಂಡಲ್ ಮತ್ತು ಎಬ್ಲಿಂಗ್ ಎಂಬ ಸಂಶೋಧಕರು 14 ಮಂದಿ ಗಂಡಸರ ಕೂದಲ ಬೆಳವಣಿಗೆಯನ್ನು ತಿಂಗಳು ತಿಂಗಳು ಅಳೆದು 1991ರಲ್ಲಿ ಪ್ರಕಟಿಸಿದರು. ಗಡ್ಡ ಅತಿ ನಿಧಾನವಾಗಿ ಬೆಳೆದದ್ದು ಜನವರಿ, ಫೆಬ್ರುವರಿಯಲ್ಲಿ, ಅಂದರೆ ಅಲ್ಲಿಯ ಕೊರೆಯುವ ಚಳಿಯಲ್ಲಿ. ಮಾರ್ಚಿನಿಂದ ಏರುತ್ತ ಹೋಗಿ ಜುಲೈ ಹೊತ್ತಿಗೆ ಬೆಳವಣಿಗೆ ಚಳಿಗಾಲದ್ದಕ್ಕಿಂತ ಸುಮಾರು ಶೇ 60ರಷ್ಟು ಹೆಚ್ಚಿತ್ತು. ಚಳಿಗೆಂದೇ ಬಂದ ಹೊದಿಕೆಯಾಗಿದ್ದರೆ ಬೇಸಿಗೆಯಲ್ಲಿ ಬೆಳೆದು ಚಳಿಯಲ್ಲಿ ಸೊರಗುತ್ತಿತ್ತೇ? ಭೂಪಟವೂ ಇದನ್ನೇ ಹೇಳುತ್ತದೆ. ಆರ್ಕ್‌ಟಿಕ್ ತೀರದ ಇನುಯಿಟ್ ಜನರಿಗೆ ಗಡ್ಡ ವಿರಳ. ಸೈಬೀರಿಯಾದ ಮೂಲನಿವಾಸಿಗಳಿಗೂ ಅಷ್ಟೆ. ದಟ್ಟ ಗಡ್ಡದ ಎಷ್ಟೋ ಸಮುದಾಯಗಳು ಬಿಸಿಲು ಸುಡುವ ಮರಳುಗಾಡಿನ ಅಂಚಿನವು. ಇನ್ನು ಅದೇ ಚಳಿಯಲ್ಲಿ ಅದೇ ಕೆಲಸ ಮಾಡುವ ಹೆಂಗಸರಿಗೆ ಗಡ್ಡವೇ ಇಲ್ಲ. ಚಾರ್ಲ್ಸ್ ಡಾರ್ವಿನ್ 1871ರಷ್ಟು ಹಿಂದೆಯೇ ಗಡ್ಡವನ್ನು ಗಂಡು ಹೆಣ್ಣಿನ ಆಯ್ಕೆಗೆ, ಅಲಂಕಾರಕ್ಕೆ ಸೇರಿಸಿದ್ದ. 2012ರಲ್ಲಿ ಬಾರ್ನಬಿ ಡಿಕ್ಸನ್ ಮತ್ತು ಪಾಲ್ ವೇಸಿ ನ್ಯೂಜಿಲೆಂಡ್, ಸಮೋವಾ ಎರಡೂ ಕಡೆ ಜನರಿಗೆ ಒಂದೇ ಗಂಡಸರ ಗಡ್ಡವಿದ್ದ, ಇಲ್ಲದ ಚಿತ್ರಗಳನ್ನು ತೋರಿಸಿದಾಗ, ಗಡ್ಡವಿದ್ದ ಮುಖ ವಯಸ್ಸಿನಲ್ಲಿ, ಅಂತಸ್ತಿನಲ್ಲಿ, ರೋಷದಲ್ಲಿ ಹೆಚ್ಚಿನದಾಗಿ ಕಂಡಿತ್ತು. ನಮ್ಮ ನಾಟಕದ ಮೇಕಪ್ಪಿನವರು ಭೀಮನಿಗೊಂದು, ಶಕುನಿಗೊಂದು ಬಗೆಯ ಮೀಸೆ ಅಂಟಿಸುವುದರ ಹಿಂದಿರುವುದೂ ಇದೇ ತಿಳಿವಳಿಕೆ.

ನಮ್ಮ ಹವೆಯಲ್ಲಿ ಗಡ್ಡದ ಹೆಚ್ಚಿನ ಪ್ರಯೋಜನ ಬಿಸಿಲಿಗೆ ಎಂದೇ ನನ್ನ ಅಭಿಪ್ರಾಯ. ಆಸ್ಟ್ರೇಲಿಯಾದ ಸದರ್ನ್ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು 2012ರಲ್ಲಿ ಅಳೆದಾಗ, ಗಡ್ಡ, ಮೀಸೆಗಳು ಕೊಡುವ ಅತಿನೇರಳೆ ಕಿರಣದ ರಕ್ಷಣೆಯ ಅಂಕ ಉದ್ದ ಮತ್ತು ಬಿಸಿಲಿನ ಕೋನಕ್ಕೆ ತಕ್ಕಂತೆ 2ರಿಂದ 21ರವರೆಗೆ ಬಂತು. ಆದರೆ ಸೆಕೆಗೆ ಅದೊಂದು ಹೊರೆ. 1988ರಲ್ಲಿ ಕಬನಾಕ್ ಮತ್ತು ಬ್ರಿನೆಲ್ ಎಂಬ ಶರೀರಶಾಸ್ತ್ರಜ್ಞರು ಒಂದು ಕುತೂಹಲದ ಊಹೆ ಮುಂದಿಟ್ಟರು: ಗಡ್ಡ ಮುಖದ ಶಾಖ ಹೊರಹೋಗುವುದಕ್ಕೆ ಅಡ್ಡಿಯಾದ್ದರಿಂದ ಅದಕ್ಕೆ ಪರಿಹಾರವಾಗಿ ಗಂಡಸರ ತಲೆ ಬೋಳಾಗುತ್ತದೆ, ಬೋಳು ನೆತ್ತಿಯ ಬೆವರು ಆ ಕೆಲಸ ವಹಿಸಿಕೊಳ್ಳುತ್ತದೆ. ಇದನ್ನು ಊಹೆಯೆಂದೇ ಇಟ್ಟುಕೊಳ್ಳುವುದು ಲೇಸು. ಗಡ್ಡ ಶಾಖಕ್ಕೆ ತಡೆ ಎಂಬ ಅದರ ಮೊದಲ ಅರ್ಧ ಮಾತ್ರ ಗಟ್ಟಿ.

ಹಾಗಿದ್ದರೆ ಗಡ್ಡ ತೆಗೆಸಿದ ದಿನ ಮುಖ ಅಷ್ಟೊಂದು ಕೊರೆಯುವುದೇಕೆ? ಸಂಕ್ರಾಂತಿ ಮುಗಿಸಿ ಶಬರಿಮಲೆಯಿಂದ ಬಂದವರು ಕಟಿಂಗ್ ಶಾಪಿನ ಕುರ್ಚಿಯಿಂದ ಇಳಿದು ಹೊರಗೆ ಕಾಲಿಟ್ಟ ಕೂಡಲೇ ಗಲ್ಲ ಸವರಿಕೊಳ್ಳುವುದನ್ನು ಯಾರು ಬೇಕಾದರೂ ನೋಡಬಹುದು. ಮುಖದ ಚರ್ಮದಲ್ಲಿ ತಂಪು ಗುರುತಿಸುವ ನರತುದಿಗಳು ಒತ್ತಾಗಿವೆ. ಈ ನರತುದಿಗಳಲ್ಲಿರುವ, ಪುದೀನದ ಮೆಂಥಾಲಿಗೂ ಚಳಿಗೂ ಒಂದೇ ರೀತಿ ಸ್ಪಂದಿಸುವ ಗ್ರಾಹಕವನ್ನು 2002ರಲ್ಲಿ ಗುರುತಿಸಿದವರಲ್ಲಿ ಡೇವಿಡ್ ಜೂಲಿಯಸ್, ಆರ್ಡೆಮ್ ಪಟಪೂಟಿಯನ್ ಇಬ್ಬರೂ ಇದ್ದರು. 2021ರಲ್ಲಿ ಅವರು ನೊಬೆಲ್ ಹಂಚಿಕೊಂಡರು. ಮುಖಕ್ಕೆ ತಂಪು ತಾಗಿದರೆ ಇಡೀ ಮೈಗೆ ಚಳಿ ಹತ್ತಿದಂತೆ ಮಿದುಳಿಗೆ ಅನ್ನಿಸುತ್ತದೆ. ನಾಲ್ಕು ವ್ಯಾಟಿನ ಗಡ್ಡ ಮೈಗೆ ಕೊಡುವ ಶಾಖಕ್ಕಿಂತ ಮನಸ್ಸಿಗೆ ಕೊಡುವ ನೆಮ್ಮದಿ ದೊಡ್ಡದಾಗಿರುವುದು ಇದರಿಂದಲೇ. ಟೀ ಅಂಗಡಿಯ ಮುಂದಿನ ಮಾತು ಪೂರ್ತಿ ಸುಳ್ಳೂ ಅಲ್ಲ.

ಚಿಂತೆಯಾಗುವುದು ಗಡ್ಡ ಮುಚ್ಚದ ಜಾಗಗಳ ಬಗ್ಗೆ. ಹಣೆ, ಕಣ್ಣಿನ ಸುತ್ತ, ಮೂಗಿನ ಮೇಲೆ ತಣ್ಣನೆ ಗಾಳಿಯೋ ನೀರೋ ಬಿದ್ದರೆ ಮುಖದ ನರಗಳ ಮೂಲಕ ಹೃದಯಕ್ಕೆ ಸುದ್ದಿ ಹೋಗುತ್ತದೆ. ಬಡಿತ ನಿಧಾನವಾಗುತ್ತದೆ, ರಕ್ತನಾಳ ಮುದುಡಿ ರಕ್ತದೊತ್ತಡ ಏರುತ್ತದೆ. ಹುಷಾರಾಗಿರುವವರಿಗೆ ಇದರಿಂದ ಏನೂ ಆಗುವುದಿಲ್ಲ. ಬಿ.ಪಿ. ಇದ್ದವರು, ಹೃದಯದ ತೊಂದರೆ ಇದ್ದವರು ನಸುಕಿನ ಐದು ಗಂಟೆಯ ವಾಕಿಂಗನ್ನು ಡಿಸೆಂಬರ್, ಜನವರಿಯಲ್ಲಿ ಬಿಸಿಲು ಬಂದ ಮೇಲೆ ಇಟ್ಟುಕೊಳ್ಳುವುದು ಒಳ್ಳೆಯದು. ಉಬ್ಬಸ ಇದ್ದವರಿಗೆ ಮೂಗು ಬಾಯಿಗೆ ಅಡ್ಡವಾಗಿ ಸಡಿಲವಾಗಿ ಸುತ್ತಿದ ಹತ್ತಿ ಅಥವಾ ಉಣ್ಣೆಯ ಬಟ್ಟೆ ಗಡ್ಡಕ್ಕಿಂತ ಹತ್ತು ಪಾಲು ಮೇಲು. ಹೊರಬಿಟ್ಟ ಉಸಿರಿನ ಬಿಸಿಯನ್ನೂ ತೇವವನ್ನೂ ಅದು ಹಿಡಿದಿಟ್ಟು, ಒಳಗೆಳೆದುಕೊಳ್ಳುವ ಗಾಳಿಗೆ ವಾಪಸ್ ಕೊಡುತ್ತದೆ. ತೇವವಾದ ಬಟ್ಟೆಯನ್ನು ಬಿಚ್ಚಿ ಒಣಗಿದ್ದನ್ನು ಕಟ್ಟಿಕೊಳ್ಳಬಹುದು. ಗಡ್ಡಕ್ಕೆ ಆ ಅನುಕೂಲವಿಲ್ಲ.

ಕಂಬಳಿಯನ್ನು ಗೊಪ್ಪೆ ಮಾಡಿ ನೆತ್ತಿಯಿಂದ ಬೆನ್ನಿನವರೆಗೆ ಇಳಿಬಿಡುತ್ತಿದ್ದ ನಮ್ಮ ಕುರಿಗಾಹಿಗಳಿಗೆ ಇದೆಲ್ಲ ಗೊತ್ತಿದ್ದದ್ದೇ. ಕಿವಿ, ಕತ್ತು, ಕೆನ್ನೆ ಮೂರಕ್ಕೂ ಒಂದೇ ಹೊದಿಕೆ, ಮಳೆಗೂ ಅದೇ, ಇಬ್ಬನಿಗೂ ಅದೇ. ಈಗ ಕಂಬಳಿ ಹೊದ್ದು ಬೀದಿಗೆ ಬರುವವರು ಕಡಿಮೆ. ನಸುಕಿನಲ್ಲಿ ತುಮಕೂರಿನ ರಸ್ತೆ ಗುಡಿಸುವವರಲ್ಲಿ ಹೆಣ್ಣುಮಕ್ಕಳೇ ಬಹಳ. ಸೆರಗನ್ನೋ ಹಳೇ ಟವೆಲ್ಲನ್ನೋ ತಲೆಗೆ ಸುತ್ತಿ, ಕಿವಿ ಮುಚ್ಚಿ ಗಂಟು ಹಾಕಿಕೊಂಡಿರುತ್ತಾರೆ. ಅವರಿಗೆ ಗ್ಲೌಸು, ಬೂಟುಗಳ ಜೊತೆಗೆ ಚಳಿಗಾಲದ ಎರಡು ತಿಂಗಳಿಗಾದರೂ ತಲೆಗಿವಿ ಮುಚ್ಚುವ ಉಣ್ಣೆಯ ಟೋಪಿ, ಜೊತೆಗೆ ಬದಲಿಗೊಂದು ಒಣ ಮಫ್ಲರ್ ಸಿಗುವಂತಾಗಬೇಕು. ಅದನ್ನು ನವೆಂಬರ್ ಮುಗಿಯುವ ಮುಂಚೆ ಕೊಡಬೇಕು.